ಡಬಲ್ ಲೆಗ್ ಹೊಡೆದಾಗಲೆಲ್ಲ ಗಿಲೊಟಿನ್‌ಗೆ ಸಿಗುತ್ತಿದ್ದೇನೆ: ಕುಸ್ತಿಯಿಂದ ಎಂಎಂಎಗೆ ಬಂದವರು ದಯವಿಟ್ಟು ಹೇಳಿ

ಮಟ್ಟಿ_ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಗರಡಿಯಲ್ಲಿ ಬೆಳೆದವನು. ಮೊದಲು ಮಟ್ಟಿ ಕುಸ್ತಿ, ಆಮೇಲೆ ಕಾಲೇಜಿನಲ್ಲಿ ಮ್ಯಾಟ್ ಮೇಲೆ ಫ್ರೀಸ್ಟೈಲ್. ಈಗ ಕೆಲಸಕ್ಕಾಗಿ ಬೆಂಗಳೂರಿನಲ್ಲಿದ್ದೇನೆ, ಸಂಜೆ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟ) ಕ್ಲಾಸಿಗೆ ಹೋಗುತ್ತೇನೆ. ಪಂಚ್, ಕಿಕ್ ಇನ್ನೂ ಕಲಿಯುತ್ತಿದ್ದೇನೆ, ಅದು ನಿಧಾನಕ್ಕೆ ಬರುತ್ತದೆ. ತೊಂದರೆ ಇರುವುದು ನನಗೆ ಚೆನ್ನಾಗಿ ಗೊತ್ತಿರುವ ಪಟ್ಟಿನಲ್ಲೇ.

ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಕಾದಾಟದಲ್ಲಿ, ಡಬಲ್ ಲೆಗ್ ಹೊಡೆದರೆ (ಎರಡೂ ಕಾಲು ಹಿಡಿದು ಕೆಡವಿದರೆ) ಎದುರಿನವರು ಬೀಳುತ್ತಾರೆ. ಆದರೆ ಬೀಳುತ್ತಲೇ ನನ್ನ ಕುತ್ತಿಗೆಗೆ ಕೈ ಸುತ್ತಿ, ಎರಡೂ ಕಾಲಿನಿಂದ ಸೊಂಟ ಕಟ್ಟಿ ಹಿಂಡುತ್ತಾರೆ, ಅದೇ ಗಿಲೊಟಿನ್. ಟ್ಯಾಪ್ ಮಾಡದೆ (ಸೋತೆ ಅಂತ ಕೈ ತಟ್ಟದೆ) ಬೇರೆ ದಾರಿಯೇ ಇರುವುದಿಲ್ಲ. ನನಗಿಂತ ತುಂಬಾ ಹಗುರ ಇರುವವರೂ ಹೀಗೆ ಹಿಡಿಯುತ್ತಾರೆ. ಕೋಚ್ "ತಲೆ ಮೇಲೆ, ತಲೆ ಮೇಲೆ" ಅಂತ ಕೂಗುತ್ತಾರೆ. ನನಗೇನೋ ತಲೆ ಮೇಲೆ ಇದೆ ಅಂತಲೇ ಅನ್ನಿಸುತ್ತದೆ. ಈಗೀಗ ಡಬಲ್ ಲೆಗ್ ಹೊಡೆಯುವುದಕ್ಕೇ ಹಿಂಜರಿಕೆ ಆಗುತ್ತಿದೆ. ಈ ಪಟ್ಟು ಬಿಟ್ಟು ಬೇರೆ ಕಲಿಯಬೇಕಾ?

ಹಳೇ_ಮ್ಯಾಟ್:

ಬಿಡಬೇಡಿ. ಕಾಲು ಹಿಡಿದು ಕೆಡವುವುದು ಬರದೆ ಒದ್ದಾಡುವವರೇ ಎಂಎಂಎ ಕ್ಲಾಸಿನಲ್ಲಿ ಜಾಸ್ತಿ. ನಿಮಗೆ ಅದು ಬಂದಿದೆ.

ಮೊದಲು ಇಷ್ಟು ತಿಳಿಸಿ. ಕೈ ಸುತ್ತುವುದು ನಿಂತಿರುವಾಗಲಾ, ಬೀಳುವಾಗಲಾ, ಬಿದ್ದ ಮೇಲಾ? ನಿಮ್ಮ ತಲೆ ಅವರ ಯಾವ ಪಕ್ಕ ಇರುತ್ತದೆ, ನೀವು ಬೀಳುವುದು ಯಾವ ಪಕ್ಕಕ್ಕೆ? ಬಿದ್ದ ತಕ್ಷಣ ಏನು ಮಾಡುತ್ತೀರಿ? ಸಾಧ್ಯವಾದರೆ ಯಾರಿಗಾದರೂ ಹೇಳಿ ಪಕ್ಕದಿಂದ ಫೋನಿನಲ್ಲಿ ವಿಡಿಯೊ ಮಾಡಿಸಿ ನೋಡಿ.

ಮಟ್ಟಿ_ಹುಡುಗ:

ವಿಡಿಯೊ ಮಾಡಿಸಿದೆ ಅಣ್ಣ. ಒಳಗೆ ನುಗ್ಗುವಾಗ ತಲೆ ನೆಟ್ಟಗೇ ಇದೆ. ಕೆಡವುವ ಹೊತ್ತಿಗೆ ಹಣೆ ಕೆಳಗೆ ಹೋಗುತ್ತದೆ, ಕಣ್ಣು ಮ್ಯಾಟ್ ನೋಡುತ್ತಿರುತ್ತದೆ. ಕೈ ಸುತ್ತುವುದು ಆಗಲೇ. ತಲೆ ಅವರ ಬಲ ಪಕ್ಕೆಯ ಹೊರಗಿರುತ್ತದೆ. ಬೀಳುವುದೂ ಅದೇ ಪಕ್ಕಕ್ಕೆ, ಇಲ್ಲವೇ ನೇರವಾಗಿ ಅವರ ಕಾಲುಗಳ ನಡುವೆ. ಬಿದ್ದ ಮೇಲೆ ಎದೆ ಒತ್ತಿ ಹಾಗೇ ಅದುಮಿ ಹಿಡಿಯುತ್ತೇನೆ.

ಹಳೇ_ಮ್ಯಾಟ್:

ಹಾಗಾದರೆ ಕಾಲು ಹಿಡಿಯುವುದರಲ್ಲಿ ತೊಂದರೆ ಇಲ್ಲ. ಕೆಡವಿದ ಮೇಲಿನ ಒಂದೆರಡು ಸೆಕೆಂಡ್‌ನಲ್ಲಿದೆ. ಗರಡಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಮುಗಿಯಿತು. ಫ್ರೀಸ್ಟೈಲ್‌ನಲ್ಲೂ ಎರಡು ಭುಜ ಮ್ಯಾಟಿಗೆ ಒತ್ತಿ ಹಿಡಿದರೆ ಗೆಲುವು. ಎರಡರಲ್ಲೂ ಕತ್ತು ಹಿಸುಕುವ ಹಾಗಿಲ್ಲ. ಹಾಗಾಗಿ ಕೆಡವಿದ ಮೇಲೆ ತಲೆ ಎಲ್ಲಿದ್ದರೂ ನಡೆಯುತ್ತದೆ, ಅಲ್ವಾ? ಎಂಎಂಎಯಲ್ಲಿ ಬೆನ್ನ ಮೇಲೆ ಬಿದ್ದವನು ಸೋತಿರುವುದಿಲ್ಲ, ಹಿಡಿಯುವುದಕ್ಕೆ ನಿಮ್ಮ ಕುತ್ತಿಗೆ, ಕೈ, ಕಾಲು ಹುಡುಕುತ್ತಿರುತ್ತಾನೆ.

ದೊಡ್ಡ ದೊಡ್ಡ ಕುಸ್ತಿಪಟುಗಳಿಗೂ ಇದು ಆಗಿದೆ. ಬ್ರಾಕ್ ಲೆಸ್ನರ್ ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಚಾಂಪಿಯನ್. 2008ರಲ್ಲಿ ಯುಎಫ್‌ಸಿಯ (ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆ) ತನ್ನ ಮೊದಲ ಪಂದ್ಯದಲ್ಲಿ ಫ್ರಾಂಕ್ ಮಿರ್‌ನನ್ನು ಕೆಡವಿ ಗುದ್ದುತ್ತಿದ್ದಾಗಲೇ ಕಾಲಿನ ಲಾಕ್‌ಗೆ ಸಿಕ್ಕಿಕೊಂಡ. 90 ಸೆಕೆಂಡ್‌ಗೆ ಪಂದ್ಯ ಮುಗಿಯಿತು. ನಮ್ಮ ಕುಸ್ತಿಪಟು ರಿತು ಫೋಗಟ್ 2021ರಲ್ಲಿ ಒನ್ ಚಾಂಪಿಯನ್‌ಶಿಪ್ ಅನ್ನುವ ಎಂಎಂಎ ಸಂಸ್ಥೆಯ ಗ್ರ್ಯಾಂಡ್ ಪ್ರಿ ಟೂರ್ನಿಯಲ್ಲಿ ಫೈನಲ್ ತನಕ ಹೋದರು. ಅಲ್ಲಿ ಸ್ಟ್ಯಾಂಪ್ ಫೇರ್‌ಟೆಕ್ಸ್‌ಗೆ ಸೋತದ್ದು ಆರ್ಮ್‌ಬಾರ್‌ನಿಂದ, ಅಂದರೆ ಮೊಣಕೈ ಹಿಂದಕ್ಕೆ ಬಗ್ಗಿಸುವ ಪಟ್ಟಿನಿಂದ. ಸ್ಟ್ಯಾಂಪ್ ಮೂಲತಃ ಮುಯೆ ಥಾಯ್‌ನವರು, ಅಂದರೆ ನಿಂತು ಗುದ್ದುವ, ಒದೆಯುವ ಥಾಯ್ ಬಾಕ್ಸಿಂಗ್‌ನವರು. ಕುಸ್ತಿಯವರನ್ನು ನೆಲದ ಮೇಲೆಯೇ ಸೋಲಿಸಿದರು.

ಈಗ ನಿಮ್ಮ ವಿಷಯ. ಒಳಗೆ ನುಗ್ಗಿದಾಗ ನಿಮ್ಮ ಕಿವಿ ಅವರ ಪಕ್ಕೆಗೆ ಅಂಟಿರಲಿ. ನಡುವೆ ಜಾಗ ಇದ್ದರೆ ತಾನೇ ಕೈ ತೂರುವುದು? ಭುಜ ಕಿವಿಯ ಕಡೆಗೆ ಎತ್ತಿಕೊಳ್ಳಿ. "ತಲೆ ಮೇಲೆ" ಅಂದರೆ ಕೆಲವರಿಗೆ ತಲುಪುವುದಿಲ್ಲ. ಅದರ ಬದಲು ಕಣ್ಣಿಗೆ ಕೆಲಸ ಕೊಡಿ: ಅವರ ಹಿಂದಿನ ಗೋಡೆ ಸೂರಿಗೆ ಸೇರುವ ಕಡೆ ನೋಡುತ್ತಾ ಕೆಡವಿ. ಕಣ್ಣು ಮೇಲಿದ್ದರೆ ಕುತ್ತಿಗೆ ತಾನಾಗಿಯೇ ನೆಟ್ಟಗಿರುತ್ತದೆ. ತಲೆ ತಗ್ಗಿದರೆ ಗಿಲೊಟಿನ್ ಒಂದೇ ಅಲ್ಲ, ಮೊಣಕಾಲೂ ಮುಖಕ್ಕೆ ಬರುತ್ತದೆ.

ಮುಖ್ಯವಾದದ್ದು ಬೀಳುವ ದಿಕ್ಕು. ಕುತ್ತಿಗೆಗೆ ಕೈ ಬಿದ್ದಿಲ್ಲದಿದ್ದರೆ ತಲೆ ಇರುವ ಪಕ್ಕಕ್ಕೆ ಬಿದ್ದರೂ ತೊಂದರೆ ಇಲ್ಲ. ಕೈ ಸುತ್ತಿದೆ ಅಂತ ಗೊತ್ತಾದ ಕ್ಷಣ ದಿಕ್ಕು ಬದಲಿಸಲೇಬೇಕು. ತಲೆ ಅವರ ಬಲ ಕಂಕುಳಲ್ಲಿ ಸಿಕ್ಕಿದ್ದರೆ ನಿಮ್ಮ ಮೈ ಅವರ ಎಡ ಪಕ್ಕಕ್ಕೆ ಹೋಗಬೇಕು. ಬಲಕ್ಕೇ ಹೋದರೆ ನಿಮ್ಮ ಭಾರವೇ ಅವರ ಹಿಡಿತವನ್ನು ಬಿಗಿ ಮಾಡುತ್ತದೆ. ಕಾಲುಗಳ ನಡುವೆ ಬಿದ್ದರೆ ಅವರಿಗೆ ಇನ್ನೂ ಒಳ್ಳೆಯದು: ಸೊಂಟ ಕಟ್ಟಿ, ಕಾಲಿನಿಂದ ನಿಮ್ಮನ್ನು ಕೆಳಗೆ ತಳ್ಳಿ, ಕೈಯಿಂದ ಕತ್ತು ಮೇಲಕ್ಕೆ ಎಳೆಯುತ್ತಾರೆ. ಆದ್ದರಿಂದ ಬೀಳುವಾಗಲೇ ಕಾಲು ದಾಟಿ ಪಕ್ಕಕ್ಕೆ ಇಳಿಯಿರಿ.

ಅಷ್ಟರಲ್ಲೇ ಸಿಕ್ಕಿಬಿದ್ದರೆ? ಅವರ ಬಲಗೈ ಸುತ್ತಿದೆ ಅಂದುಕೊಳ್ಳಿ. ನಿಮ್ಮ ಎಡಗೈಯಿಂದ ಅವರ ಮಣಿಕಟ್ಟು ಹಿಡಿದು ಎಳೆದು ಗಂಟಲಿಗೆ ಜಾಗ ಮಾಡಿಕೊಳ್ಳಿ. ಬೇರೆ ಯಾವುದಕ್ಕಿಂತಲೂ ಮೊದಲು ಇದು. ಬಲಗೈಯನ್ನು ಅವರ ಎಡ ಭುಜದ ಮೇಲಿಂದ ಹಾಕಿ, ಅವರ ಎಡ ಪಕ್ಕಕ್ಕೆ ಸರಿಯಿರಿ. ಸರಿದ ಮೇಲೆ ನಿಮ್ಮ ಬಲ ಭುಜ ಅವರ ಕತ್ತಿನ ಮೇಲೆ ಕೂರುತ್ತದೆ. ಆಗಲೂ ಅವರು ಹಿಡಿತ ಬಿಡದಿದ್ದರೆ ಭುಜದ ಭಾರ ಅಲ್ಲೇ ಇಳಿಸಿ, ಈಗ ಉಸಿರಿಗೆ ಒದ್ದಾಡುವವರು ಅವರು. ಇದಕ್ಕೆ ವಾನ್ ಫ್ಲೂ ಚೋಕ್ ಅನ್ನುತ್ತಾರೆ. ಜೇಸನ್ ವಾನ್ ಫ್ಲೂ 2006ರಲ್ಲಿ ಯುಎಫ್‌ಸಿಯಲ್ಲಿ ಅಲೆಕ್ಸ್ ಕರಲೆಕ್ಸಿಸ್ ಮೇಲೆ ಇದರಿಂದಲೇ ಗೆದ್ದ, ಹೆಸರೂ ಹಾಗೇ ಉಳಿಯಿತು. ಗರಡಿಯಲ್ಲಿ ಭುಜದಿಂದ ಅದುಮಿ ಅಭ್ಯಾಸ ಇರುವ ನಿಮ್ಮಂಥವರಿಗೆ ಇದು ಬೇಗ ಒಗ್ಗುತ್ತದೆ.

ಕೋಚ್_ಅಕ್ಕ:

ಮೇಲೆ ಹೇಳಿದ್ದೆಲ್ಲ ಸರಿ. ನಾನು ಹೊಸಬರಿಗೆ ಕಲಿಸುತ್ತೇನೆ, ಅದಕ್ಕೇ ಎರಡು ಮಾತು ಸೇರಿಸಬೇಕು.

ಗಿಲೊಟಿನ್ ಸರಿಯಾಗಿ ಕೂತರೆ ಕತ್ತಿನ ಎರಡೂ ಬದಿಯ ರಕ್ತನಾಳ ಅದುಮುತ್ತದೆ. ಹತ್ತು ಸೆಕೆಂಡ್‌ನ ಒಳಗೇ ಪ್ರಜ್ಞೆ ತಪ್ಪಬಹುದು. ಪೈಲ್ವಾನರ ಕುತ್ತಿಗೆ ಗಟ್ಟಿ, ನಿಜ. ಆದರೆ ಸ್ನಾಯು ಎಷ್ಟು ಗಟ್ಟಿ ಇದ್ದರೂ ತಲೆಗೆ ರಕ್ತ ಹೋಗದಿದ್ದರೆ ಏನೂ ಮಾಡುವ ಹಾಗಿಲ್ಲ. ಗರಡಿಯಿಂದ ಬಂದ ಹುಡುಗರು ಟ್ಯಾಪ್ ಮಾಡುವುದನ್ನು ಸೋಲು ಅಂದುಕೊಂಡು ಕೊನೇ ಕ್ಷಣದ ತನಕ ತಡೆಯುತ್ತಾರೆ. ದಯವಿಟ್ಟು ಬೇಡ. ಬೇಗ ಟ್ಯಾಪ್ ಮಾಡಿದರೆ ಅದೇ ಸಂಜೆ ಮತ್ತೆ ಮತ್ತೆ ಅಭ್ಯಾಸ ಮಾಡಬಹುದು. ಹಿಡಿತದಲ್ಲಿ ಇರುವಾಗ ಎದುರಿನವರನ್ನು ಎತ್ತಿ ಮ್ಯಾಟಿಗೆ ಬಡಿಯಬೇಡಿ. ಬಡಿದರೆ ಆ ಭಾರ ನಿಮ್ಮ ಕುತ್ತಿಗೆಯ ಮೇಲೂ ಬರುತ್ತದೆ, ಅವರ ತಲೆಗೂ ಪೆಟ್ಟು. ಕುತ್ತಿಗೆ ನೋವು ತೋಳಿಗೆ ಇಳಿದರೆ, ಬೆರಳು ಜೋಮು ಹಿಡಿದರೆ ಕ್ಲಾಸ್ ನಿಲ್ಲಿಸಿ ಡಾಕ್ಟರನ್ನು ನೋಡಿ.

ಅಭ್ಯಾಸಕ್ಕೆ ಹೀಗೆ ಮಾಡಿ. ಜೊತೆಗಾರರಿಗೆ ಮೊದಲೇ ಕುತ್ತಿಗೆ ಕೊಟ್ಟು, ಅರ್ಧ ಬಲದಲ್ಲಿ ಹಿಡಿಯುವುದಕ್ಕೆ ಹೇಳಿ, ಅಲ್ಲಿಂದ ಶುರು ಮಾಡಿ. ಮಣಿಕಟ್ಟು, ಭುಜ, ಪಕ್ಕಕ್ಕೆ ಸರಿಯುವುದು, ಇಷ್ಟೇ. ಸರಾಗವಾದ ಮೇಲೆ ಬಲ ಹೆಚ್ಚಿಸಲಿ. ಸುಮ್ನೆ ಸ್ಪಾರಿಂಗ್‌ನಲ್ಲಿ ಈ ಸ್ಥಿತಿ ಬರಲಿ ಅಂತ ಕಾದರೆ ಒಂದು ಕ್ಲಾಸಿನಲ್ಲಿ ಒಂದೆರಡು ಸಲ ಬರಬಹುದು ಅಷ್ಟೇ.

ಇನ್ನೊಂದು ಕೇಳಬೇಕಿತ್ತು. ನಿಮ್ಮನ್ನು ಯಾರಾದರೂ ಕೆಡವಿದರೆ ಹೊಟ್ಟೆಯ ಮೇಲೆ ಮಗುಚಿಕೊಳ್ಳುತ್ತೀರಾ? ಕುಸ್ತಿಯಲ್ಲಿ ಚಿತ್ ಆಗದಿರಲು ಅದೇ ಸರಿ. ಇಲ್ಲಿ ಬೆನ್ನು ಕೊಟ್ಟ ಹಾಗಾಗುತ್ತದೆ, ಹಿಂದಿನಿಂದ ಕತ್ತು ಹಿಡಿಯುತ್ತಾರೆ.

ಮಟ್ಟಿ_ಹುಡುಗ:

ಹೌದು ಅಕ್ಕ, ಮಗುಚಿಕೊಳ್ಳುತ್ತೇನೆ. ಅದೂ ಕೋಚ್ ಹತ್ತಿರ ಕೇಳುತ್ತೇನೆ.

ನೀವು ಹೇಳಿದ ಹಾಗೆ ಅರ್ಧ ಬಲದ ಅಭ್ಯಾಸ ನಡೆಯುತ್ತಿದೆ. ಸೂರು ನೋಡುವುದು ತಕ್ಷಣ ಕೆಲಸ ಮಾಡಿತು, ಬೀಳುವಾಗ ಕೈ ಸುತ್ತುವುದು ತುಂಬಾ ಕಮ್ಮಿ ಆಗಿದೆ. ಎಡಕ್ಕೆ ಸರಿಯುವುದು ಇನ್ನೂ ತಡವಾಗುತ್ತದೆ. ವಾನ್ ಫ್ಲೂ ನಿನ್ನೆ ಒಬ್ಬರ ಮೇಲೆ ಬಂತು, ತುಂಬಾ ಖುಷಿಯಾಯಿತು. ಆದರೆ ಎತ್ತರದವರು ನಾನು ಕಾಲು ಹಿಡಿಯುವ ಮೊದಲೇ, ನಿಂತಲ್ಲೇ ಕುತ್ತಿಗೆ ಹಿಡಿಯುತ್ತಾರೆ. ಅದಕ್ಕೆ?

ಹಳೇ_ಮ್ಯಾಟ್:

ತುಂಬಾ ದೂರದಿಂದ ನುಗ್ಗುತ್ತಿದ್ದೀರಿ. ಕುಸ್ತಿಯಲ್ಲಿ ಕೈ ಕೈ ಹಿಡಿದುಕೊಂಡೇ ಹತ್ತಿರ ಇರುತ್ತೀರಿ, ಇಲ್ಲಿ ಪಂಚ್‌ಗೆ ಹೆದರಿ ಎಲ್ಲರೂ ದೂರ ನಿಲ್ಲುತ್ತಾರೆ. ಮೊದಲು ಮುಖಕ್ಕೆ ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ಹಾಕಿ. ಅವರ ಕೈ ಮೇಲೆ ಹೋದಾಗ ಮಂಡಿ ಬಗ್ಗಿಸಿ ಇಳಿದು ನುಗ್ಗಿ. ಎತ್ತರದವರಿಗೆ ಸಿಂಗಲ್ ಲೆಗ್ (ಒಂದೇ ಕಾಲು ಹಿಡಿದು ಕೆಡವುವುದು) ಕೂಡ ಪ್ರಯತ್ನಿಸಿ. ಅದರಲ್ಲಿ ತಲೆ ಒಳಗೆ, ಅವರ ಎದೆಗೆ ಒತ್ತಿಕೊಂಡಿರುತ್ತದೆ, ಗಿಲೊಟಿನ್‌ಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಎರಡನ್ನೂ ಜ್ಯಾಬ್ ಜೊತೆ ಸೇರಿಸಿ ಅಭ್ಯಾಸ ಮಾಡಿ, ಒಂದು ವಿಡಿಯೊ ಹಾಕಿ, ನೋಡಿ ಹೇಳುತ್ತೇನೆ.