ಒಂದೇ ಬಕೆಟ್ಟಿನ ಬಿಯರ್: ಕೆಲವು ಬಾಟಲಿ ಉಕ್ಕುತ್ತೆ, ಕೆಲವು ಸಪ್ಪೆ. ಯಾಕೆ?

ಪ್ರಶ್ನೆ:
ನಮಸ್ಕಾರ. ಮನೆಯಲ್ಲಿ ಮಾಡಿದ ಬಿಯರನ್ನು ಮೊದಲ ಸಲ ಬಾಟಲಿಗೆ ತುಂಬಿದ್ದೇನೆ. 20 ಲೀಟರ್, ಪೇಲ್ ಏಲ್ ಅನ್ನೋ ಬಗೆ. ಬಾಟಲಿಯಲ್ಲಿ ಗ್ಯಾಸ್ ಕಟ್ಟಲಿ ಅಂತ 120 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಲ್ಲಿ ಕುದಿಸಿ, ಆರಿಸಿ, ಹುದುಗಿದ ಬಕೆಟ್‌ಗೇ ಮೇಲಿಂದ ಸುರಿದೆ. ತಳದಲ್ಲಿ ಕೂತ ಗಷ್ಟು ಏಳಬಾರದು ಅಂತ ಕಲಕಲಿಲ್ಲ. ಕೆಳಗಿನ ನಲ್ಲಿಯಿಂದ ತುಂಬಿದೆ. ಎರಡು ವಾರ ಕಳೆದಿದೆ. ಮೊದಮೊದಲು ತುಂಬಿದ ಬಾಟಲಿ ತೆರೆದರೆ ನೊರೆ ಉಕ್ಕಿ ಅರ್ಧ ಚೆಲ್ಲಿಹೋಗುತ್ತೆ. ಕೊನೆಯಲ್ಲಿ ತುಂಬಿದವು ಗ್ಯಾಸೇ ಇಲ್ಲದೆ ಪೂರ್ತಿ ಸಪ್ಪೆ. ಸೋಂಕು ತಗುಲಿದೆಯಾ?

ಉತ್ತರ:
ಮೊದಲು ಒಂದು ವಿಷಯ ಹೇಳಿ. ತುಂಬುವ ಮುಂಚೆ ಹೈಡ್ರೋಮೀಟರ್ (ಸಕ್ಕರೆ ಇನ್ನೂ ಹುದುಗ್ತಿದೆಯಾ ಅಂತ ತಿಳಿಯಲು ಬಿಯರ್‌ನ ಸಾಂದ್ರತೆ ಅಳೆಯುವ ಸಾಧನ) ಎಷ್ಟು ತೋರಿಸ್ತಿತ್ತು? ಹುಳಿ ವಾಸನೆ ಏನಾದ್ರೂ ಇದೆಯಾ?

ಪ್ರಶ್ನೆ ಕೇಳಿದವರು:
ಮೂರು ದಿನ ಒಂದೇ ಸಮ 1.012. ರುಚಿ, ವಾಸನೆ ಎರಡೂ ಚೆನ್ನಾಗಿವೆ.

ಉತ್ತರ:
ಹಾಗಾದರೆ ಹುದುಗುವುದು ಮುಗಿದಿತ್ತು. ಸೋಂಕೂ ಅಲ್ಲ ಅನ್ಸುತ್ತೆ. ತುಂಬಿದ ಸಾಲಿನ ಪ್ರಕಾರವೇ ಗ್ಯಾಸ್ ಕಡಿಮೆಯಾಗ್ತಾ ಬಂದಿದೆ, ಅಲ್ವಾ? ಸಕ್ಕರೆ ಬೆರೆತಿಲ್ಲ. ಪಾಕ ಬಿಯರ್‌ಗಿಂತ ಭಾರ, ತಳಕ್ಕೆ ಇಳಿಯುತ್ತೆ. ನಲ್ಲಿ ಇರುವುದೂ ಅಲ್ಲೇ.

ನಿಮ್ಮ ಅಳತೆ ಸರಿ ಇದೆ. ಲೀಟರಿಗೆ 4 ಗ್ರಾಂ ಸಕ್ಕರೆ ಸುಮಾರು ಒಂದು ವಾಲ್ಯೂಮ್ ಗ್ಯಾಸ್, ಅಂದರೆ ಒಂದು ಲೀಟರ್ ಬಿಯರ್‌ಗೆ ಒಂದು ಲೀಟರ್ ಗ್ಯಾಸ್, ಕೊಡುತ್ತೆ. ನೀವು ಹಾಕಿದ್ದು 6 ಗ್ರಾಂ, ಅಂದರೆ ಒಂದೂವರೆ. 20 ಡಿಗ್ರಿಯಲ್ಲಿ ಹುದುಗಿದ ಬಿಯರ್‌ನಲ್ಲಿ ಮೊದಲೇ ಒಂದಕ್ಕೆ ಸ್ವಲ್ಪ ಕಡಿಮೆ ಉಳಿದಿರುತ್ತೆ. ಒಟ್ಟು 2.3ರ ಆಸುಪಾಸು, ಪೇಲ್ ಏಲ್‌ಗೆ ಹದವಾದದ್ದು. ಹಾಗಾಗಿ ಸಕ್ಕರೆ ಕಡಿಮೆ ಮಾಡಲು ಹೋಗಬೇಡಿ.

ಮುಂದಿನ ಸಲ ಇನ್ನೊಂದು ಬಕೆಟ್ ತೊಳೆದು ಸ್ಯಾನಿಟೈಜ್ ಮಾಡಿ. ಆರಿದ ಪಾಕ ಮೊದಲು ಅದರ ತಳಕ್ಕೆ ಹೋಗಲಿ. ಆಮೇಲೆ ಸೈಫನ್ ಪೈಪಿನ ತುದಿಯನ್ನು ತಳದಲ್ಲಿ ಗೋಡೆಗುಂಟ ಬಾಗಿಸಿ ಮಲಗಿಸಿ, ಬಿಯರ್ ಇಳಿಸಿ. ಬಿಯರ್ ತಾನೇ ಸುತ್ತುತ್ತಾ ಪಾಕವನ್ನು ಎಳೆದುಕೊಳ್ಳುತ್ತೆ. ಗಷ್ಟು ಹಳೇ ಬಕೆಟ್‌ನಲ್ಲೇ ಉಳಿಯುತ್ತೆ, ಆದ್ದರಿಂದ ಸ್ಯಾನಿಟೈಜ್ ಮಾಡಿದ ಸೌಟಿನಲ್ಲಿ ಧೈರ್ಯವಾಗಿ ನಾಲ್ಕು ಸುತ್ತು ತಿರುಗಿಸಬಹುದು. ಮೆಲ್ಲಗೆ, ನೊರೆ ಬಾರದ ಹಾಗೆ. ಗಾಳಿ ಸೇರಿದರೆ ಕೆಲವೇ ವಾರದಲ್ಲಿ ಒದ್ದೆ ರಟ್ಟಿನ ರುಚಿ ಬರುತ್ತೆ.

ಇನ್ನೊಬ್ಬರ ಉತ್ತರ:
ಮೇಲಿನದೆಲ್ಲಾ ಸರಿ. ಆದರೆ ಉಕ್ಕುವ ಬಾಟಲಿಗಳನ್ನು ಇವತ್ತೇ ನೋಡಿಕೊಳ್ಳಿ, ದಯವಿಟ್ಟು. ಒತ್ತಡ ಹೆಚ್ಚಾದರೆ ಗಾಜು ಸಿಡಿಯುತ್ತೆ. ದಪ್ಪ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಅಲುಗಿಸದೆ ಫ್ರಿಜ್‌ಗೆ ಸೇರಿಸಿ. ತಣ್ಣಗಾದರೆ ಯೀಸ್ಟ್ ಕೆಲಸ ನಿಧಾನವಾಗುತ್ತೆ, ಗ್ಯಾಸೂ ಬಿಯರ್‌ನಲ್ಲಿ ಕರಗಿ ಒತ್ತಡ ಇಳಿಯುತ್ತೆ. ಒಂದೆರಡು ದಿನ ಬಿಟ್ಟು ಸಿಂಕಿನಲ್ಲಿಟ್ಟು ತೆರೆಯಿರಿ. ಮತ್ತೆ ಹೊರಗೆ ಇಡಬೇಡಿ.

ಪ್ರಶ್ನೆ ಕೇಳಿದವರು:
ಈಗಲೇ ಇಡ್ತೀನಿ. ಸಪ್ಪೆ ಬಾಟಲಿಗಳಿಗೆ ಮತ್ತೆ ಸಕ್ಕರೆ ಹಾಕಲಾ?

ಉತ್ತರ:
ಅವಸರ ಬೇಡ. ಯಾವ ಬಾಟಲಿಯಲ್ಲಿ ಎಷ್ಟು ಸಕ್ಕರೆ ಸೇರಿದೆ ಅಂತ ಯಾರಿಗೂ ಗೊತ್ತಿಲ್ಲ. 20–22 ಡಿಗ್ರಿಯಲ್ಲಿ, ಕತ್ತಲಲ್ಲಿ, ಇನ್ನೆರಡು ವಾರ ಇಡಿ. ಆಗಲೂ ಸಪ್ಪೆಯಾಗೇ ಇದ್ದರೆ ಹಾಗೇ ಕುಡಿಯೋದು ಒಳ್ಳೇದು. ಅಂದಾಜಿನ ಮೇಲೆ ಸಕ್ಕರೆ ಸೇರಿಸಿ ಮುಚ್ಚೋದನ್ನ ನಾನಂತೂ ಹೇಳಲ್ಲ.

ಮುಂದಿನ ಬ್ಯಾಚ್‌ನಲ್ಲಿ ಒಂದನ್ನು ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ದಿನಾ ಅದುಮಿ ನೋಡಿ. ಬೆರಳಿಗೆ ಬಗ್ಗದಷ್ಟು ಗಟ್ಟಿಯಾಯ್ತು ಅಂದ್ರೆ ಗಾಜಿನ ಬಾಟಲಿಗಳಲ್ಲೂ ಗ್ಯಾಸ್ ಕಟ್ಟಿದೆ ಅಂತ ತಿಳ್ಕೊಳ್ಳಿ.