ಪದಚರ್ಚೆ: ಆಟಗಾರನಿಗೆ ‘ಬೆಂಕಿ ಹತ್ತಿತು’ ಅನ್ನಬಹುದಾ? ಎನ್‌ಬಿಎ ಜ್ಯಾಮ್ ಆಟಕ್ಕೆ ಕನ್ನಡ ಕಾಮೆಂಟರಿ

ಎಲ್ಲರಿಗೂ ನಮಸ್ಕಾರ,

ಮುಂಬೈಯ ಮಾಟುಂಗಾದಿಂದ ಬರೆಯುತ್ತಿದ್ದೇನೆ. ನಮ್ಮ ಸಂಘದ ಯುವ ವಿಭಾಗದವರು ಈ ಸಲದ ವಾರ್ಷಿಕೋತ್ಸವದಲ್ಲಿ ಮಧ್ಯಾಹ್ನ ಊಟವಾದ ಮೇಲೆ ಒಂದು ವೀಡಿಯೊ ಗೇಮ್ ಪಂದ್ಯಾವಳಿ ಇಟ್ಟುಕೊಂಡಿದ್ದಾರೆ. ಆಟ ಎನ್‌ಬಿಎ ಜ್ಯಾಮ್, ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗಿನ ಹೆಸರಿನದು. ಸದಸ್ಯರೊಬ್ಬರ ಮನೆಯಲ್ಲಿ ಹಳೆಯ ಸೆಗಾ ಯಂತ್ರ ಇನ್ನೂ ಚೆನ್ನಾಗಿ ನಡೆಯುತ್ತದೆ, ಅದನ್ನೇ ಸಭಾಂಗಣದ ದೊಡ್ಡ ಪರದೆಗೆ ಜೋಡಿಸುತ್ತಾರೆ. ಆಡುವವರು ಮಕ್ಕಳು. ನೋಡುವವರಲ್ಲಿ ಅರ್ಧಕ್ಕರ್ಧ ಅಜ್ಜ ಅಜ್ಜಿಯರು. ಹಾಗಾಗಿ ಆಟದೊಳಗಿನ ಇಂಗ್ಲಿಷ್ ದನಿಯನ್ನು ನಿಲ್ಲಿಸಿ, ಕನ್ನಡದಲ್ಲೇ ಕಾಮೆಂಟರಿ ಹೇಳಬೇಕು ಅಂತ ತೀರ್ಮಾನವಾಗಿದೆ. ಮೈಕ್ ಹಿಡಿಯುವ ಕೆಲಸ ನನ್ನದು. ಕೆಲವು ಮಾತುಗಳಿಗೆ ನಿಮ್ಮ ಸಲಹೆ ಬೇಕು. ಅದರಲ್ಲೂ ಒಂದಕ್ಕೆ ಬೇಕೇ ಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಮಿಡ್‌ವೇ ಕಂಪನಿ 1993ರಲ್ಲಿ ಇದನ್ನು ನಾಣ್ಯ ಹಾಕಿ ಆಡುವ ಯಂತ್ರವಾಗಿ ಬಿಡುಗಡೆ ಮಾಡಿತು. ಮುಖ್ಯ ವಿನ್ಯಾಸಕಾರ ಮಾರ್ಕ್ ಟರ್ಮೆಲ್. ಮರುವರ್ಷ ಅಕ್ಲೇಮ್ ಕಂಪನಿ ಮನೆಯ ಯಂತ್ರಗಳಿಗೂ ತಂದಿತು. ಬಾಸ್ಕೆಟ್‌ಬಾಲ್ ಅಂದರೆ ಐದೈದು ಜನ ಅಲ್ವಾ, ಇಲ್ಲಿ ಒಂದೊಂದು ಕಡೆ ಇಬ್ಬರೇ. ಫೌಲ್ ಇಲ್ಲ, ಎದುರಾಳಿಯನ್ನು ತಳ್ಳಿ ಕೆಡವಿದರೂ ಸೀಟಿ ಊದುವವರಿಲ್ಲ. ಆಟಗಾರರು ತಮ್ಮ ಎತ್ತರದ ಮೂರು ನಾಲ್ಕು ಪಟ್ಟು ಮೇಲೆ ನೆಗೆಯುತ್ತಾರೆ. ಆದರೆ ಮುಖಗಳು ಮಾತ್ರ ನಿಜವಾದ ಎನ್‌ಬಿಎ ಆಟಗಾರರವು, ಫೋಟೋದಿಂದ ತೆಗೆದವು. ಜನ ಇದಕ್ಕೆ ಮುಗಿಬಿದ್ದರು. ಮೊದಲ ವರ್ಷದಲ್ಲೇ ಅಮೆರಿಕದ ಗೇಮ್ ಪಾರ್ಲರ್‌ಗಳಲ್ಲಿ ಇದು 100 ಕೋಟಿ ಡಾಲರ್ ದುಡಿಯಿತು ಅಂತ ಹೇಳುತ್ತಾರೆ, ಅದೂ ಕಾಲು ಡಾಲರಿನ ನಾಣ್ಯಗಳಲ್ಲಿ! ಆದರೆ ಆಗಿನ ಅತಿ ದೊಡ್ಡ ತಾರೆ ಮೈಕೆಲ್ ಜೋರ್ಡನ್ ಇದರಲ್ಲಿ ಇಲ್ಲ. ತಮ್ಮ ಹೆಸರು ಮತ್ತು ರೂಪದ ಹಕ್ಕನ್ನು ಅವರು ತಮ್ಮಲ್ಲೇ ಇಟ್ಟುಕೊಂಡಿದ್ದರು.

ಜನ ಈ ಆಟವನ್ನು ಇವತ್ತಿಗೂ ನೆನಪಿಟ್ಟುಕೊಂಡಿರುವುದಕ್ಕೆ ಇನ್ನೊಂದು ಕಾರಣ ಆಟದೊಳಗೆ ಕಾಮೆಂಟರಿ ಹೇಳುವ ಟಿಮ್ ಕಿಟ್ಜ್‌ರೋ ಅವರ ದನಿ. ಒಬ್ಬ ಆಟಗಾರ ಸತತ ಎರಡು ಸಲ ಚೆಂಡನ್ನು ಬುಟ್ಟಿಗೆ ಹಾಕಿದರೆ ‘ಹೀ ಈಸ್ ಹೀಟಿಂಗ್ ಅಪ್’ ಅನ್ನುತ್ತಾರೆ. ಮೂರನೆಯದೂ ಬಿತ್ತೋ, ‘ಹೀ ಈಸ್ ಆನ್ ಫೈರ್’! ಆಮೇಲೆ ಅವನ ಕೈಯಲ್ಲಿರುವ ಚೆಂಡೇ ಹೊತ್ತಿ ಉರಿಯುತ್ತದೆ. ಅವನ ದಮ್ಮು ಮುಗಿಯುವುದಿಲ್ಲ, ಎಲ್ಲಿಂದ ಎಸೆದರೂ ಹೆಚ್ಚುಕಡಿಮೆ ಬಿದ್ದೇ ಬೀಳುತ್ತದೆ. ಎದುರು ತಂಡ ಒಂದು ಸಲ ಬುಟ್ಟಿ ತುಂಬಿಸಿತು ಅಂದರೆ ಇದೆಲ್ಲ ಇಳಿದುಹೋಗುತ್ತದೆ.

ನನಗೆ ಬೇಕಾಗಿರುವುದು ಈ ಎರಡು ಮೆಟ್ಟಿಲಿಗೆ ಎರಡು ಕನ್ನಡದ ಮಾತು. ಕೇಳಿದ ಕೂಡಲೇ ಸಭೆ ಚಪ್ಪಾಳೆ ತಟ್ಟಬೇಕು, ಅಂಥವು.

ಮೊದಲ ಮೆಟ್ಟಿಲು ಸುಲಭವಾಯಿತು. ‘ಬಿಸಿಯಾಗುತ್ತಿದ್ದಾನೆ’ ಅಂದರೆ ಸಿಟ್ಟು ಬಂದಿದೆ ಅಂತಾಗುತ್ತದೆ. ‘ಕೈ ಬಿಸಿ’ ಅನ್ನೋಣ ಅಂದರೆ ಅದು ಲಂಚದ ಮಾತಿಗೆ ತಾಗುತ್ತದೆ, ಕೈ ಬೆಚ್ಚಗೆ ಮಾಡುವುದು ಎಲ್ಲರಿಗೂ ಗೊತ್ತಲ್ಲ. ‘ಕಾವೇರುತ್ತಿದೆ’ ಸರಿಯಾಗಿ ಕೂರುತ್ತದೆ. ಚುನಾವಣೆಗೆ ಕಾವೇರುತ್ತದೆ, ಚರ್ಚೆಗೆ ಕಾವೇರುತ್ತದೆ, ಆಟಕ್ಕೂ ಏರಲಿ. ‘ಕೈ ಕುದುರಿತು’ ಅನ್ನುವುದೂ ನನಗೆ ಇಷ್ಟ. ಆದರೆ ಅದರಲ್ಲಿ ಅಭ್ಯಾಸದಿಂದ ನಿಧಾನವಾಗಿ ಬಂದ ಹಿಡಿತದ ಅರ್ಥ ಇದೆ. ಇಲ್ಲಿ ಅರ್ಧ ನಿಮಿಷದಲ್ಲಿ ಎಲ್ಲ ನಡೆದುಹೋಗುತ್ತದೆ.

ತೊಡಕಿರುವುದು ಎರಡನೆಯದರಲ್ಲಿ. ಬೆಂಗಳೂರಿನ ಹುಡುಗರು ಈಗ ‘ಬೆಂಕಿ ಗುರು’ ಅನ್ನುತ್ತಾರೆ, ಹೊಗಳಿಕೆಯಾಗಿ. ಅದು ಇಲ್ಲಿನ ಮಕ್ಕಳಿಗೂ ಮೊಬೈಲ್ ಮೂಲಕ ತಲುಪಿದೆ. ಪತ್ರಿಕೆಗಳಲ್ಲಿ ‘ಬೆಂಕಿ ಬೌಲಿಂಗ್’ ಓದಿದ್ದೇವೆ. ಇಲ್ಲೆಲ್ಲ ಬೆಂಕಿ ಇನ್ನೊಂದು ಪದದ ಮುಂದೆ ವಿಶೇಷಣವಾಗಿ ಬರುತ್ತದೆ, ಇಲ್ಲವೇ ಒಂಟಿಯಾಗಿ ಉದ್ಗಾರವಾಗಿ ನಿಲ್ಲುತ್ತದೆ. ಅದಕ್ಕೊಂದು ಕ್ರಿಯಾಪದ ಸೇರಿಸಿ ನೋಡಿ, ಬಣ್ಣವೇ ಬದಲಾಗುತ್ತದೆ. ‘ಬೆಂಕಿ ಬಿತ್ತು’ ಅಂದರೆ ಅನಾಹುತ. ‘ಬೆಂಕಿ ಬೀಳ’ ಅಂದರೆ ಶಾಪ. ಹೊಟ್ಟೆಗೆ ಬೆಂಕಿ ಬೀಳುವುದು ಸಂಕಟ, ಹೊಟ್ಟೆ ಉರಿಯುವುದು ಅಸೂಯೆ. ‘ಉರೀತಿದ್ದಾನೆ’ ಅಂದರೂ ಕೋಪವೇ. ಮೈಕಿನಲ್ಲಿ ಒಂದು ಮಗುವಿನ ಹೆಸರು ಹೇಳಿ ‘ಬೆಂಕಿ ಹತ್ತಿಕೊಂಡಿತು’ ಅಂತ ಕೂಗಿದರೆ, ಮುಂದಿನ ಸಾಲಿನಲ್ಲಿ ಕೂತ ಅದರ ಅಜ್ಜಿಗೆ ಹೇಗನ್ನಿಸಬೇಡ? ನಮ್ಮ ಮನೆಗಳಲ್ಲಿ ಇಂಥ ಮಾತನ್ನು ಮಕ್ಕಳ ಮೇಲೆ ಯಾರೂ ಆಡುವುದಿಲ್ಲ.

ಇಲ್ಲಿ ನೆರೆಹೊರೆಯ ಮರಾಠಿಯವರಿಗೆ ಈ ಕಷ್ಟ ಇಲ್ಲ. ‘ಪೇಟ್ಲಾ’ ಅಂದರೆ ಸಾಕು, ಅಂದರೆ ಹೊತ್ತಿಕೊಂಡ. ಮನುಷ್ಯನ ಬಗ್ಗೆ ಹುರುಪಿನ ಅರ್ಥದಲ್ಲೇ ಹೇಳುತ್ತಾರೆ, ಯಾರಿಗೂ ಅಪಶಕುನ ಅನ್ನಿಸುವುದಿಲ್ಲ. ನಮ್ಮ ಹುಡುಗರು ಆಡುವಾಗ ಕೂಗುವುದೂ ಇದನ್ನೇ, ಇಲ್ಲವೇ ಹಿಂದಿಯ ‘ಆಗ್ ಲಗಾ ದೀ’. ಕನ್ನಡದ ‘ಹೊತ್ತಿಕೊಂಡ’ ಯಾಕೋ ಆ ಕೆಲಸ ಮಾಡುತ್ತಿಲ್ಲ. ಧಾರವಾಡ, ಬೆಳಗಾವಿ ಕಡೆಯವರು ದಯವಿಟ್ಟು ಹೇಳಿ, ನಿಮ್ಮಲ್ಲಿ ಕುಸ್ತಿ ನೋಡುವಾಗ ಪೈಲ್ವಾನನ ಬಗ್ಗೆ ಇಂಥ ಮಾತು ಇದೆಯಾ? ಮರಾಠಿಗೆ ಹತ್ತಿರದ ನೆಲ ಅದು, ಏನಾದರೂ ಇರಲೇಬೇಕು.

ಸದ್ಯಕ್ಕೆ ನನ್ನ ಮನಸ್ಸು ‘ಆವೇಶ ಬಂತು’ ಅನ್ನುವುದರ ಕಡೆ ವಾಲಿದೆ. ಕರಾವಳಿಯಿಂದ ಬಂದ ನಮ್ಮಂಥ ಮುಂಬೈಯವರಿಗೆ ಇದು ತಟ್ಟನೆ ಹತ್ತುತ್ತದೆ. ಆವೇಶ ಬರುತ್ತದೆ, ಇರುವಷ್ಟು ಹೊತ್ತು ಮೈಯಲ್ಲಿ ಬೇರೆಯದೇ ಬಲ ಇರುತ್ತದೆ, ಆಮೇಲೆ ಇಳಿಯುತ್ತದೆ. ಆಟದಲ್ಲಿ ನಡೆಯುವುದೂ ಅಷ್ಟೇ. ಇಂಗ್ಲಿಷಿನ ಮಾತಿನಲ್ಲಿ ಹತ್ತುವುದು ಮಾತ್ರ ಇದೆ. ನಮ್ಮದರಲ್ಲಿ ‘ಆವೇಶ ಇಳೀತು’ ಅನ್ನುವುದೂ ಸಿಗುತ್ತದೆ, ಎದುರು ತಂಡ ಬುಟ್ಟಿ ತುಂಬಿಸಿದ ಕ್ಷಣಕ್ಕೆ ಅದು ಹೇಳಿ ಮಾಡಿಸಿದ ಮಾತು. ದೈವ ಮೈಮೇಲೆ ಬರುವುದಕ್ಕೆ ಕರಾವಳಿಯಲ್ಲಿ ಹೇಳುವ ‘ದರ್ಶನ’ ಅನ್ನುವ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ದೈವಕ್ಕೆ ಸೇರಿದ್ದು, ಪರದೆಯ ಆಟಕ್ಕೆ ತರಬಾರದು. ಆವೇಶ ಹಾಗಲ್ಲ, ಭಾಷಣ ಮಾಡುವವರಿಗೂ ಬರುತ್ತದೆ. ನಿಮಗೂ ಹೀಗೇ ಅನ್ನಿಸುತ್ತದಾ? ಹಳೆ ಮೈಸೂರಿನ ಕಡೆ ಈ ಎರಡರ ನಡುವೆ ಇಷ್ಟು ಅಂತರ ಇದೆಯಾ, ಇಲ್ಲವಾ?

ಒಂದು ಆಕ್ಷೇಪ ಈಗಾಗಲೇ ಬಂದಿದೆ. ಆವೇಶದಲ್ಲಿ ಲೆಕ್ಕಾಚಾರ ತಪ್ಪುತ್ತದೆ, ಗುರಿಯಿಟ್ಟು ಎಸೆಯುವವನಿಗೆ ಅದು ಹೊಂದುವುದಿಲ್ಲ ಅಂತ. ವಿಚಾರ ಮಾಡಬೇಕಾದ ಮಾತೇ. ಸತತವಾಗಿ ಬುಟ್ಟಿಗೆ ಹಾಕುವವನಿಗೆ ನಿಜವಾಗಿ ಏನಾಗುತ್ತದೆ ಅಂತ ವಿದ್ವಾಂಸರೂ ಜಗಳವಾಡಿದ್ದಾರೆ. ಗಿಲೋವಿಚ್, ವ್ಯಾಲೋನ್, ಟ್ವರ್ಸ್ಕಿ ಎಂಬ ಮೂವರು 1985ರಲ್ಲಿ ಫಿಲಡೆಲ್ಫಿಯಾ ತಂಡದ ಎಸೆತಗಳ ಲೆಕ್ಕ ಹಾಕಿ, ಇದೆಲ್ಲ ನೋಡುವವರ ಭ್ರಮೆ ಅಂದರು. 2018ರಲ್ಲಿ ಮಿಲ್ಲರ್ ಮತ್ತು ಸಂಹುರ್ಹೋ ಎಂಬ ಇಬ್ಬರು, ಆ ಲೆಕ್ಕದ ಕ್ರಮದಲ್ಲೇ ಒಂದು ಓರೆ ಇದೆ, ಸರಿಪಡಿಸಿದರೆ ಭ್ರಮೆ ಅನ್ನಲಾಗದು ಅಂತ ತೋರಿಸಿದರು. ನಮ್ಮ ಆಟದಲ್ಲಿ ಈ ಜಗಳಕ್ಕೆ ಜಾಗ ಇಲ್ಲ. ಮೂರು ಬಿದ್ದರೆ ಯಂತ್ರವೇ ಬಲ ಕೊಡುತ್ತದೆ. ಹೊರಗಿನಿಂದ ಮೈಗೆ ಬರುವ ಬಲ. ಅದಕ್ಕೇ ‘ಬಂತು’ ಅನ್ನುವ ಕ್ರಿಯಾಪದ ಇರುವ ಮಾತೇ ಬೇಕು ಅಂತ ನನ್ನ ಹಟ.

ಇನ್ನು ಡಂಕ್. ಈ ಆಟದಲ್ಲಿ ಆಟಗಾರ ಗಾಳಿಯಲ್ಲೇ ಗಿರಗಿರ ಸುತ್ತಿ, ಕೆಲವು ಸಲ ತಲೆಕೆಳಗಾಗಿ ತಿರುಗಿ, ಮೇಲಿನಿಂದ ಚೆಂಡನ್ನು ಬುಟ್ಟಿಗೆ ಜಡಿಯುತ್ತಾನೆ. ಕಿಟ್ಜ್‌ರೋ ಆಗ ‘ಬೂಮ್‌ಶಕಲಕ’ ಅನ್ನುತ್ತಾರೆ. ಅರ್ಥ ಇಲ್ಲದ, ಬರೀ ಸದ್ದಿನ ಮಾತು. ಸದ್ದಿಗೆ ಸದ್ದೇ ಉತ್ತರ ಆಗಬೇಕು, ಅನುಕರಣಾವ್ಯಯಕ್ಕೆ ಕನ್ನಡದಲ್ಲಿ ಬರವಿಲ್ಲ. ಆದರೆ ನನಗೆ ಇಲ್ಲಿ ಇನ್ನೂ ಒಳ್ಳೆಯದು ಸಿಕ್ಕಿದೆ ಅನ್ನಿಸುತ್ತದೆ: ತೆಂಕುತಿಟ್ಟು ಯಕ್ಷಗಾನದ ಧೀಂಗಿಣ. ಪುಂಡುವೇಷದವರು ಚೆಂಡೆಯ ಪೆಟ್ಟಿಗೆ ಗಾಳಿಯಲ್ಲಿ ಸುತ್ತಿ ಸುತ್ತಿ ಹಾರುತ್ತಾರಲ್ಲ, ಅದು. ಬಡಗುತಿಟ್ಟಿನ ಮಂಡಿ, ಅಂದರೆ ಮೊಣಕಾಲೂರಿ ಸುತ್ತುವ ಕುಣಿತ, ನೆಲದ ಮೇಲಿನದು, ಇಲ್ಲಿಗೆ ಆಗಿಬರುವುದಿಲ್ಲ. ‘ಧೀಂಗಿಣ ಹಾರಿ ಜಡಿದ!’ ಅಂದರೆ ನಮ್ಮ ಸಭೆಯಲ್ಲಿ ಅರ್ಥ ಹೇಳಬೇಕಾಗಿಲ್ಲ, ಚೆಂಡೆಯೂ ಒಂದು ಮೂಲೆಯಲ್ಲಿ ಇರುತ್ತದೆ, ಬಾರಿಸಲು ಹುಡುಗ ಸಿಕ್ಕಿದ್ದಾನೆ. ನನ್ನ ಪ್ರಶ್ನೆ ಬರವಣಿಗೆಯದು. ಧೀಂಗಿಣ, ದಿಗಿಣ ಎರಡೂ ನೋಡಿದ್ದೇನೆ. ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚಾಗಬೇಕು, ಯಾವುದು ಸರಿ? ಮೂಲ ಚೆಂಡೆ ಮದ್ದಳೆಯ ಬಾಯಿತಾಳದಲ್ಲಿದೆಯಾ? ಮಲೆನಾಡು, ಬಯಲುಸೀಮೆಯವರಿಗೆ ಈ ಪದ ತಿಳಿಯುತ್ತದಾ, ‘ಲಾಗ ಹಾಕಿ’ ಅಂದರೆ ಮೇಲಾ?

ಈ ಆಟದಲ್ಲಿ ತಪ್ಪು ಅಂತ ಹಿಡಿಯುವುದು ಎರಡನ್ನೇ, 24 ಸೆಕೆಂಡಿನೊಳಗೆ ಚೆಂಡು ಎಸೆಯದಿರುವುದು ಮತ್ತು ಗೋಲ್‌ಟೆಂಡಿಂಗ್. ಗೋಲ್‌ಟೆಂಡಿಂಗ್ ಅಂದರೆ ಬುಟ್ಟಿಯ ಕಡೆ ಇಳಿಯುತ್ತಿರುವ ಚೆಂಡನ್ನು ಎದುರಾಳಿ ಹೊಡೆದು ಹಾರಿಸುವುದು. ಆವೇಶ ಬಂದವನಿಗೆ ಅದಕ್ಕೂ ಮಾಫಿ. ‘ಬಾಯಿಯ ತುತ್ತು ಕಸಿದ’ ಅಂತ ಹೇಳುವುದಾಗಿ ಬರೆದುಕೊಂಡಿದ್ದೇನೆ. ಇದಕ್ಕಿಂತ ಚೆನ್ನಾಗಿರುವುದು ಸಿಗಲಾರದು ಅಂತ ನನ್ನ ನಂಬಿಕೆ. ‘ಫ್ರಮ್ ಡೌನ್‌ಟೌನ್’ ಅಂದರೆ ಮೂರು ಅಂಕದ ಗೆರೆಯಾಚೆಯಿಂದ ಎಸೆದದ್ದು. ಅದಕ್ಕೆ ‘ಊರಾಚೆಯಿಂದ!’ ಅನ್ನುವುದು ಒಂದು ದಾರಿ, ದೂರದ ನಿಲ್ದಾಣದ ಹೆಸರು ಹಿಡಿದು ‘ವಿರಾರಿನಿಂದ!’ ಅನ್ನುವುದು ನಮ್ಮ ಲೋಕಲ್ ಟ್ರೈನಿನ ಜನಕ್ಕೆ ಇನ್ನೂ ಹತ್ತಿರ. ಟರ್ಬೊಗೆ, ಅಂದರೆ ಆಟಗಾರನಿಗೆ ಹೆಚ್ಚಿನ ವೇಗ ಕೊಡುವ ಬಲಕ್ಕೆ, ಕಬಡ್ಡಿಯ ‘ದಮ್ಮು’. ರೀಬೌಂಡಿಗೆ ‘ಪುಟಿದ ಚೆಂಡು’. ಡ್ರಿಬಲ್ ಮಾಡುವುದು ‘ಪುಟಿಸುವುದು’. ಇವುಗಳಲ್ಲಿ ತಕರಾರಿಲ್ಲ ಅಂದುಕೊಂಡಿದ್ದೇನೆ. ಡಂಕ್, ಪಾಸ್, ಬ್ಲಾಕ್ ಹಾಗೇ ಇರಲಿ. ಮಾಟುಂಗಾದ ಅಂಗಳಗಳಲ್ಲಿ ಮಕ್ಕಳು ದಿನಾ ಹೇಳುವ ಪದಗಳು ಅವು, ಬದಲಿಸಿದರೆ ಅವರಿಗೇ ಗೊತ್ತಾಗುವುದಿಲ್ಲ.

ಕೊನೆಯದು ಏಕವಚನ ಬಹುವಚನದ ವಿಷಯ. ರೇಡಿಯೊ, ಟಿವಿ ಕಾಮೆಂಟರಿಯಲ್ಲಿ ‘ಬಾರಿಸಿದ್ದಾರೆ’, ‘ಎಸೆದಿದ್ದಾರೆ’ ಅಂತ ಕೇಳಿ ಬೆಳೆದವರು ನಾವು. ಆದರೆ ಈ ಆಟದ ವೇಗಕ್ಕೆ ‘ಧೀಂಗಿಣ ಹಾರಿ ಜಡಿದಿದ್ದಾರೆ’ ಅನ್ನುವಷ್ಟರಲ್ಲಿ ಚೆಂಡು ಆ ಕಡೆಯ ಬುಟ್ಟಿಯಲ್ಲಿರುತ್ತದೆ. ನನಗೆ ಏಕವಚನವೇ ಸರಿ ಅನ್ನಿಸುತ್ತದೆ. ಬೀದಿಯ ಕಬಡ್ಡಿ ನೋಡುವಾಗ ಯಾರೂ ‘ಹಿಡಿದರು’ ಅನ್ನುವುದಿಲ್ಲ, ‘ಹಿಡಿದ’ ಅಂತಲೇ ಕೂಗುತ್ತಾರೆ. ಒಂದೇ ಒಂದು ಕಡೆ ಅಳುಕು. ಮನೆಯ ಯಂತ್ರದ ಆಟದಲ್ಲಿ ಗುಪ್ತ ಆಟಗಾರರಾಗಿ ಆಗಿನ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್, ಉಪಾಧ್ಯಕ್ಷ ಆಲ್ ಗೋರ್ ಇದ್ದಾರೆ. ಹುಡುಗರು ಅವರನ್ನು ತಂದೇ ತರುತ್ತಾರೆ. ಹಿರಿಯರಿಗೆ ಆ ಮುಖಗಳು ಚೆನ್ನಾಗಿ ಗೊತ್ತು. ‘ಕ್ಲಿಂಟನ್ ಜಡಿದ’ ಅನ್ನಲಾ, ‘ಜಡಿದರು’ ಅನ್ನಲಾ? ಒಂದೇ ಪಂದ್ಯದಲ್ಲಿ ಒಬ್ಬರಿಗೆ ‘ದ’, ಇನ್ನೊಬ್ಬರಿಗೆ ‘ದರು’ ಬಂದರೆ ಕಿವಿಗೆ ಹೇಗಿರುತ್ತದೆ? ಹೆಣ್ಣುಮಕ್ಕಳೂ ಸಾಕಷ್ಟು ಜನ ಆಡುತ್ತಿದ್ದಾರೆ. ಪರದೆಯ ಮೇಲಿರುವವನು ಗಂಡು, ಆಡಿಸುತ್ತಿರುವವಳು ಹುಡುಗಿ. ‘ಜಡಿದ’ ಅನ್ನಬೇಕೋ ‘ಜಡಿದಳು’ ಅನ್ನಬೇಕೋ? ಹುಡುಗಿಯ ಹೆಸರು ಹೇಳಿ ‘ಜಡಿದಳು’ ಅನ್ನುವುದೇ ನ್ಯಾಯ ಅಂತ ನನ್ನ ಅಭಿಪ್ರಾಯ, ಆಟ ಅವಳದು ತಾನೇ.

ಬರುವ ಭಾನುವಾರ ಚೆಂಡೆಯವನನ್ನೂ ಕೂರಿಸಿಕೊಂಡು ಅಭ್ಯಾಸ ಇದೆ. ಅಷ್ಟರೊಳಗೆ ‘ಆವೇಶ’ ಮತ್ತು ‘ಧೀಂಗಿಣ’ ಎರಡರ ಬಗ್ಗೆಯಾದರೂ ಬರೆಯಿರಿ. ನಿಮ್ಮ ಊರಿನ ಹೆಸರು ಸೇರಿಸಿ ಬರೆದರೆ ಯಾವ ಮಾತು ಎಲ್ಲಿಯದು ಅಂತ ಗುರುತಿಟ್ಟುಕೊಳ್ಳಲು ಅನುಕೂಲ.