ಸಹಾಯ ಬೇಕು: ಕಾಫಿ ಹೊಟ್ಟಿನ ಇಂಗಾಲ ಪಲ್ಪಿಂಗ್ ನೀರಿನ ಬಣ್ಣ ಹೀರುತ್ತಿಲ್ಲ

ಮಾನ್ಯರೇ, ನಮ್ಮ ಮೂಡಿಗೆರೆ ಕಡೆಯ ತೋಟಗಳ ಪಲ್ಪಿಂಗ್ ನೀರು (ಕಾಫಿ ಹಣ್ಣಿನ ಸಿಪ್ಪೆ, ತಿರುಳು ಬಿಡಿಸುವಾಗ ಹೊರಬರುವ ಕೊಳೆನೀರು) ಹಳ್ಳ ಸೇರಿದರೆ ಅದರಲ್ಲಿನ ಸಕ್ಕರೆ ಮತ್ತು ಪೆಕ್ಟಿನ್ ಎಂಬ ಅಂಟು ಪದಾರ್ಥ ಕೊಳೆತು ಆಮ್ಲಜನಕ ಕುಸಿಯುತ್ತದೆ; ಮೀನುಗಳು ಉಳಿಯುವುದಿಲ್ಲ. ಅದನ್ನು ಶುದ್ಧೀಕರಿಸಲೆಂದು ನನ್ನ ಎಂಎಸ್ಸಿ ಪ್ರಾಜೆಕ್ಟಿಗಾಗಿ, ಕ್ಯೂರಿಂಗ್ ವರ್ಕ್ಸ್‌ನಿಂದ (ಒಣಗಿದ ಕಾಫಿಯ ಹೊಟ್ಟು ಬಿಡಿಸುವ ಕಾರ್ಖಾನೆ) ತಂದ ಕಾಫಿ ಹೊಟ್ಟಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ, ಸಾರಜನಕದ ಹರಿವಿನಲ್ಲಿ 700 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತೊಳೆದು, ಸಕ್ರಿಯ ಇಂಗಾಲ (ಸೂಕ್ಷ್ಮ ರಂಧ್ರಗಳಲ್ಲಿ ಬಣ್ಣ, ಕಲ್ಮಶ ಹೀರಿಕೊಳ್ಳುವ ಇದ್ದಿಲು) ತಯಾರಿಸಿದ್ದೇನೆ. ಪರೀಕ್ಷೆಗೆ ಬಳಸುವ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಅದು ಚೆನ್ನಾಗಿಯೇ ಹೀರುತ್ತದೆ. ಪಲ್ಪಿಂಗ್ ನೀರಿನ ಕಂದು ಬಣ್ಣ ಮಾತ್ರ ಇಳಿಯುತ್ತಿಲ್ಲ. ಇಂಗಾಲದ ಪ್ರಮಾಣ ಹೆಚ್ಚಿಸಿದರೂ, ರಾತ್ರಿಯಿಡೀ ಅಲುಗಾಡಿಸಿದರೂ ಫಲವಿಲ್ಲ. ಈ ವಿಧಾನದಲ್ಲಿ ಹೆಚ್ಚಾಗಿ 2 ನ್ಯಾನೊಮೀಟರ್‌ಗಿಂತ ಕಿರಿದಾದ ರಂಧ್ರಗಳೇ ಉಂಟಾಗುವುದರಿಂದ ನೀರಿಗೆ ಕಂದು ಬಣ್ಣ ಕೊಡುವ ದೊಡ್ಡ ಪಾಲಿಫಿನಾಲ್ ಅಣುಗಳು ಒಳಹೋಗುತ್ತಿಲ್ಲವೆಂಬುದು ನನ್ನ ಅನುಮಾನ. ಆದರೆ ನೀರಿನ ಪಿಎಚ್ (ಆಮ್ಲೀಯತೆಯ ಅಳತೆ) 4ರ ಆಸುಪಾಸಿನಲ್ಲಿದ್ದು ನೀರು ಹುಳಿಯಾಗಿರುವುದೇ ಕಾರಣವೋ ಎಂಬುದು ಬಗೆಹರಿಯುತ್ತಿಲ್ಲ. ದೊಡ್ಡ ರಂಧ್ರಗಳಿಗಾಗಿ ಫಾಸ್ಫಾರಿಕ್ ಆಮ್ಲ ಬಳಸಿ ಹೊಸದಾಗಿ ಇಂಗಾಲ ತಯಾರಿಸಬೇಕೇ, ಅಥವಾ ಮೊದಲು ಇದೇ ಇಂಗಾಲದೊಂದಿಗೆ ಪಿಎಚ್ ಬದಲಿಸಿ ನೋಡಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.